ಕಡತ: ಕರಿಬಟ್ಟೆಯಿಂದ ಕೋಷ್ಟಕದವರೆಗೆ

ತಾಲೂಕು ಕಚೇರಿಗೆ ಒಮ್ಮೆಯಾದರೂ ಹೋಗಿಬಂದವರಿಗೆ ‘ಕಡತ’ ಎಂದರೇನೆಂದು ವಿವರಿಸಬೇಕಿಲ್ಲ. ರಟ್ಟಿನ ಹೊದಿಕೆ, ಮೂಲೆಯಲ್ಲೊಂದು ತೂತು, ತೂತಿನಲ್ಲಿ ಹಾಯ್ದ ದಾರ, ದಾರಕ್ಕೆ ಪೋಣಿಸಿದ ಅರ್ಜಿ, ವರದಿ, ಟಿಪ್ಪಣಿಗಳು. ಕಡತ ಮಂಡನೆಯಾಗುತ್ತದೆ, ಮೇಜಿನಿಂದ ಮೇಜಿಗೆ ಹೋಗುತ್ತದೆ, ವಿಲೇವಾರಿಯಾಗುತ್ತದೆ. ಆದರೆ ಈ ಪದದ ಮೊದಲ ಒಡಲಿನಲ್ಲಿ ಕಾಗದವೂ ಇರಲಿಲ್ಲ, ದಾರವೂ ಇರಲಿಲ್ಲ. ಅದು ಬಟ್ಟೆ. ಕಪ್ಪು ಬಳಿದು, ಒಣಗಿಸಿ, ಮಡಚಿಟ್ಟ ಉದ್ದನೆಯ ಬಟ್ಟೆ.

ಬಟ್ಟೆಯಿಂದ ಕಾಗದಕ್ಕೆ, ಕಾಗದದಿಂದ ಕಂಪ್ಯೂಟರಿಗೆ ಈ ಪದ ನಡೆದುಬಂದ ದಾರಿಯನ್ನು ಹಿಡಿದು ಹೊರಟರೆ ಒಂದು ಪ್ರಶ್ನೆ ಉದ್ದಕ್ಕೂ ಜೊತೆಗೇ ಬರುತ್ತದೆ. ಬರೆದಿಟ್ಟ ಸಂಗತಿ ನಾಳೆ ಬದಲಾದರೆ ಎಷ್ಟು ಕಡೆ ತಿದ್ದಬೇಕು? ಒಂದೇ ಕಡೆ ತಿದ್ದಿದರೆ ಸಾಕಾಗುವಂತೆ ಬರೆದಿಡಲು ಬರುತ್ತದೆಯೇ? ಡೇಟಾಬೇಸ್ ಕಲಿಯುವ ಹುಡುಗ ಹುಡುಗಿಯರು ‘ನಾರ್ಮಲೈಸೇಷನ್’ ಎಂಬ ಅಧ್ಯಾಯಕ್ಕೆ ಬಂದು ತಡವರಿಸುವುದು ಈ ಪ್ರಶ್ನೆಯ ಎದುರಿನಲ್ಲೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳಿಗಂತೂ ಅದು ಪರಕೀಯ ಅಧ್ಯಾಯವಾಗಬೇಕಿಲ್ಲ. ಅದರ ಅರ್ಧ ಪಾಠ ಅವರ ಮನೆಯ ಅಡಿಕೆ ಲೆಕ್ಕದಲ್ಲಿದೆ, ಇನ್ನರ್ಧ ಕಡತವೆಂಬ ಪದದ ಬಾಳಿನಲ್ಲಿದೆ.

ಮೊದಲು ವಸ್ತುವನ್ನು ನೋಡೋಣ. ಗಟ್ಟಿ ನೂಲಿನ ಬಟ್ಟೆಯ ಪಟ್ಟಿಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಮೈಗೆ ಬಳಿಯುತ್ತಿದ್ದರು. ಒಣಗಿ ಬಿರುಸಾದ ಪಟ್ಟಿಯನ್ನು ಕತ್ತರಿಸದೆ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಚಿ, ಎರಡು ತುದಿಗೂ ಮರದ ಹಲಗೆ ಕೂಡಿಸಿದರೆ ಪುಸ್ತಕವಾಯಿತು. ಬರೆಯಲು ಬಳಪದ ಕಡ್ಡಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಚರಿತ್ರೆಯಲ್ಲಿ ಈ ಪುಸ್ತಕದ ವರ್ಣನೆ ಕೊಟ್ಟಿದ್ದಾನೆ. ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ. ಬರೆದದ್ದನ್ನು ಒರೆಸಬಹುದು, ಅದೇ ಜಾಗದಲ್ಲಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಆಡಳಿತದ ಎಷ್ಟೋ ಲೆಕ್ಕಪತ್ರಗಳು ನಮ್ಮ ಕಾಲದವರೆಗೆ ಉಳಿದುಬಂದದ್ದು ಇಂಥ ಕಡತಗಳಲ್ಲಿಯೇ. ಇತಿಹಾಸಕಾರ ಎ. ಕೆ. ಶಾಸ್ತ್ರಿಯವರು ಶೃಂಗೇರಿಯ ಚರಿತ್ರೆ ಬರೆಯುವಾಗ ಅವುಗಳನ್ನು ಆಧಾರವಾಗಿ ಬಳಸಿಕೊಂಡಿದ್ದಾರೆ.

ಒರೆಸಿ ಬರೆಯಬಹುದು ಎಂಬ ಗುಣದಲ್ಲೇ ಕಡತದ ಮಹತ್ವವಿದೆ. ಆಚಂದ್ರಾರ್ಕವಾಗಿ ನಿಲ್ಲಬೇಕಾದ ದಾನಕ್ಕೆ ಕಲ್ಲು ಬೇಕು, ತಾಮ್ರಪಟ ಬೇಕು. ಅಲ್ಲಿ ಅಕ್ಷರ ಅಳಿಯಬಾರದು. ತಾಳೆಗರಿಯ ಮೇಲೆ ಕಂಟವೆಂಬ ಲೋಹದ ಕಡ್ಡಿಯಿಂದ ಕೊರೆದದ್ದನ್ನೂ ತಿದ್ದುವುದು ಕಷ್ಟ. ಆದರೆ ಬಾಕಿ, ಬಡ್ಡಿ, ಗೇಣಿ, ಜಮೆ ಇವು ದಿನ ಬೆಳಗಾದರೆ ಬದಲಾಗುತ್ತವೆ. ಬದಲಾಗುವ ಸಂಗತಿಗೆ ಬದಲಾಗಬಲ್ಲ ಮೈ ಬೇಕೆಂದು ಕಂಡುಕೊಂಡವರ ಆವಿಷ್ಕಾರ ಕಡತ.

ಪದವಾದರೋ ವಿಲ್ಕ್ಸನ ಕಾಲಕ್ಕಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ. ಕಡಿತ ಎಂದರೆ ದಾಖಲೆಯ ಪುಸ್ತಕ, ಪೆರ್ಗಡೆ ಎಂದರೆ ಮುಖ್ಯಸ್ಥ. ಸಮಾಸದಲ್ಲಿ ಪಕಾರ ವಕಾರವಾಗಿ ‘ಕಡಿತವೆರ್ಗಡೆ’. ಅರಮನೆಯ ದಾಖಲೆಗಳ ಮೇಲ್ವಿಚಾರಕ. ಪೆರ್ಗಡೆಯ ಪಕಾರ ಮುಂದೆ ಹಕಾರವಾಯಿತು, ಒತ್ತಕ್ಷರ ಸಡಿಲವಾಯಿತು. ಪೆರ್ಗಡೆ ಹೆಗ್ಗಡೆಯಾಗಿ, ಹೆಗ್ಗಡೆ ಹೆಗಡೆಯಾಯಿತು. ಇಂದು ಸಿದ್ದಾಪುರ ತಾಲೂಕಿನ ದೊಡ್ಮನೆಯಿಂದ ಯಲ್ಲಾಪುರದ ಗಡಿಯವರೆಗೆ ಮನೆ ಮನೆಯ ಹೆಸರಿನ ಕೊನೆಯಲ್ಲಿರುವ ಹೆಗಡೆ ಎಂಬ ಮಾತು ಹೀಗೆ ಹುದ್ದೆಯ ಹೆಸರಾಗಿ ಹುಟ್ಟಿದ್ದು. ಒಂದು ಕಾಲಕ್ಕೆ ಕಡತವೂ ಹೆಗಡೆಯೂ ಒಂದೇ ಸಮಾಸದೊಳಗೆ ಕೂಡಿದ್ದವು.

ಕಡಿತ, ಕಡತ ಎಂಬ ಎರಡು ರೂಪಗಳು ಬಹುಕಾಲ ಜೊತೆಯಾಗಿ ನಡೆದವು. ಇವತ್ತಿನ ಕನ್ನಡ ಅವುಗಳಿಗೆ ಬೇರೆ ಬೇರೆ ಕೆಲಸ ಹಂಚಿದೆ. ಸಂಬಳದಲ್ಲಿ ಆಗುವುದು ಕಡಿತ, ಹಾವಿನದು ಕಡಿತ, ಕಚೇರಿಯಲ್ಲಿರುವುದು ಕಡತ. ‘ಕಡಿ’ ಎಂಬ ಧಾತುವಿನಿಂದಲೇ ಕಡತ ಬಂತೆಂದು ಹೇಳಿಬಿಡುವ ಆಸೆಯಾಗುತ್ತದೆ. ಆದರೆ ವಸ್ತು ಅದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ಉದ್ದನೆಯ ಪಟ್ಟಿಯನ್ನು ಹಾಳೆ ಹಾಳೆಯಾಗಿ ಕಡಿಯದೆ ಇಡಿಯಾಗಿ ಮಡಚುವುದೇ ಕಡತದ ಲಕ್ಷಣ. ಪದದ ಮೂಲವನ್ನು ಹುಡುಕುವವರು ಕಿವಿಗೆ ಕೇಳುವ ಹೋಲಿಕೆಯ ಜೊತೆಗೆ ಕೈಗೆ ಸಿಗುವ ವಸ್ತುವನ್ನೂ ಸಾಕ್ಷಿಗೆ ಕರೆಯಬೇಕು.

ನೆರೆಮನೆಗಳಲ್ಲಿ ಈ ಪದಕ್ಕೆ ಏನಾಯಿತೆಂದು ನೋಡಿದರೆ ಅದರ ಬಾಳು ಇನ್ನಷ್ಟು ಸ್ಪಷ್ಟವಾಗುತ್ತದೆ. ತೆಲುಗಿನ ‘ಕಡಿತಮು’ ಕಪ್ಪು ಬಳಿದ ಬಟ್ಟೆಯ ಅರ್ಥವನ್ನೇ ಉಳಿಸಿಕೊಂಡಿತು. ತಮಿಳಿನ ‘ಕಡಿದಂ’ ಬಟ್ಟೆಯನ್ನು ಬಿಟ್ಟುಕೊಟ್ಟು ಓಲೆಯ ಅರ್ಥವನ್ನು ತೆಗೆದುಕೊಂಡಿತು. ಇವತ್ತು ತಮಿಳರು ಒಬ್ಬರಿಗೊಬ್ಬರು ಬರೆಯುವ ಪತ್ರವೇ ಕಡಿದಂ. ಕನ್ನಡದಲ್ಲಿ ಅದು ಕಚೇರಿಯ ದಾಖಲೆಯ ಕಟ್ಟಾಯಿತು. ಒಂದೇ ಕರಿಬಟ್ಟೆ ಒಂದು ನಾಡಿನಲ್ಲಿ ಅಂಚೆಯ ಜೊತೆ ಹೋಯಿತು, ಇನ್ನೊಂದರಲ್ಲಿ ಆಡಳಿತದ ಜೊತೆ ಉಳಿಯಿತು.

ಕಡತದ ಓರಗೆಯ ಪದಗಳದೂ ಇದೇ ಕಥೆ. ‘ದಫ್ತರ’ ಪಾರ್ಸಿಯಿಂದ ಬಂದದ್ದು. ಅದರ ಹಿಂದೆ ಗ್ರೀಕರ ‘ಡಿಫ್ತೆರ’ ಇದೆ, ಅಂದರೆ ಹದಮಾಡಿದ ತೊಗಲು. ತೊಗಲಿನ ಮೇಲೆ ಬರೆದದ್ದು ದಫ್ತರವಾಯಿತು, ಬರೆದದ್ದನ್ನು ಇಡುವ ಕಚೇರಿಯೂ ದಫ್ತರವಾಯಿತು. ಇಂಗ್ಲಿಷಿನ ‘ಫೈಲ್’ ಲ್ಯಾಟಿನ್ನಿನ ‘ಫಿಲುಂ’ ಎಂಬ ಪದದಿಂದ ಬಂದದ್ದು, ಅಂದರೆ ದಾರ. ಕಾಗದಗಳನ್ನು ದಾರಕ್ಕೆ ಪೋಣಿಸಿ ಇಡುತ್ತಿದ್ದುದರಿಂದ ಆ ಹೆಸರು. ತೊಗಲು, ದಾರ, ಬಟ್ಟೆ. ಮೂರು ನಾಗರಿಕತೆಗಳು ತಮ್ಮ ದಾಖಲೆಗೆ ಅದರ ಮೈಯಿಂದಲೇ ಹೆಸರು ಕೊಟ್ಟವು. ಮೈ ಹೋಯಿತು, ಹೆಸರು ಉಳಿಯಿತು. ಫೈಲಿಗೆ ಕನ್ನಡದ ಮಾತು ಬೇಕಾದಾಗ ನಮ್ಮವರು ಕಡತವನ್ನು ಎತ್ತಿಕೊಂಡದ್ದು ಅದಕ್ಕೇ ಅಷ್ಟು ಸಹಜವಾಗಿ ಕೂತಿತು.

ಹಾಗೆ ಎತ್ತಿಕೊಳ್ಳುವ ಮೊದಲು ನಮ್ಮ ಸೀಮೆಯಲ್ಲಿ ದಫ್ತರದ್ದೇ ಕಾಲ. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಮರಾಠಿಯ ಬಳಿಯಲ್ಲಿ ಕಿರ್ದಿ, ಖಾತೆ, ಉತಾರ, ಹಿಸ್ಸೆ ಎಂಬ ಮಾತುಗಳು ಲೆಕ್ಕದ ಮನೆಯಲ್ಲಿ ಬೇರೂರಿದವು. 1956ರಲ್ಲಿ ಜಿಲ್ಲೆ ವಿಶಾಲ ಮೈಸೂರಿಗೆ ಬಂತು. 1963ರಲ್ಲಿ ರಾಜಭಾಷಾ ಅಧಿನಿಯಮ ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿತು. ಕಾಯಿದೆ ಬಂದರೂ ಕಚೇರಿಯ ಮೇಜು ಇಂಗ್ಲಿಷನ್ನು ಬಿಡಲು ಬಹಳ ವರ್ಷ ಬೇಕಾಯಿತು. ದೊಡ್ಮನೆಯಲ್ಲಿ 1926ರಲ್ಲಿ ಹುಟ್ಟಿದ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದ ಮೇಲೆ, ಆಡಳಿತದಲ್ಲಿ ಕನ್ನಡ ನಿಜವಾಗಿ ಬಳಕೆಯಾಗುತ್ತಿದೆಯೇ ಎಂದು ನೋಡಲು ಕನ್ನಡ ಕಾವಲು ಸಮಿತಿ ರಚನೆಯಾಯಿತು. ಸಿದ್ದರಾಮಯ್ಯನವರು ಅದರ ಮೊದಲ ಅಧ್ಯಕ್ಷರು. ಟಿಪ್ಪಣಿ ಕನ್ನಡದಲ್ಲಿರಬೇಕು, ಕಡತ ಕನ್ನಡದಲ್ಲಿ ಮಂಡನೆಯಾಗಬೇಕು ಎಂಬ ಒತ್ತಾಯ ಆ ದಶಕದಲ್ಲಿ ಬಲಗೊಂಡಿತು. ಚಾಲುಕ್ಯರ ಕಡಿತವೆರ್ಗಡೆಯ ಎರಡು ಪದಗಳೂ ಆಧುನಿಕ ಆಡಳಿತದೊಳಗೆ ಹೀಗೆ ಮತ್ತೆ ಹತ್ತಿರ ಬಂದವು.

ಇನ್ನು ಅಡಿಕೆ ಲೆಕ್ಕಕ್ಕೆ ಬರೋಣ. ವಖಾರಿಗಳಲ್ಲಿ ಹಳೆಯ ಕ್ರಮ ಎರಡು ಪುಸ್ತಕದ್ದು. ಆಯಾ ದಿನ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುವುದು ಕಿರ್ದಿ. ಅದನ್ನು ಒಬ್ಬೊಬ್ಬರ ಹೆಸರಿಗೆ ಎತ್ತಿ ಬರೆಯುವುದು ಖಾತೆ. ಕಿರ್ದಿಯಲ್ಲಿ ಖಾತೆಯ ಪುಟಸಂಖ್ಯೆ ಹಾಕುತ್ತಾರೆ, ಖಾತೆಯಲ್ಲಿ ಕಿರ್ದಿಯ ಪುಟಸಂಖ್ಯೆ ಹಾಕುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಆ ಸಂಖ್ಯೆಯೇ ದಾರಿ. ‘ಯಾವಾಗ ಏನು ನಡೆಯಿತು’ ಎಂಬುದಕ್ಕೂ ‘ಯಾರ ಸ್ಥಿತಿ ಏನು’ ಎಂಬುದಕ್ಕೂ ಬೇರೆ ಮನೆ ಬೇಕೆಂಬ ತಿಳಿವಳಿಕೆ ಇದರಲ್ಲಿತ್ತು.

ಕಂಪ್ಯೂಟರ್ ಬಂದಾಗ ಈ ತಿಳಿವಳಿಕೆ ಸ್ವಲ್ಪ ಕಾಲ ಹಿಂದೆ ಸರಿಯಿತು. ಮೊದಮೊದಲ ದತ್ತಾಂಶ ವ್ಯವಸ್ಥೆಗಳಲ್ಲಿ ಒಂದೊಂದು ವಿಭಾಗಕ್ಕೆ ಅದರದೇ ಫೈಲು. ಟೇಪಿನ ಮೇಲೆ ಒಂದಾದ ಮೇಲೊಂದರಂತೆ ಸಾಲುಗಳು. ಹಳೆಯ ಕಡತದ ಮಡಿಕೆಗಳನ್ನು ಬಿಡಿಸಿದಂತೆ ಮೊದಲಿನಿಂದ ಕೊನೆಯವರೆಗೆ ಓದುತ್ತ ಹೋಗಬೇಕು. ಸಂಬಳದ ಫೈಲಿನಲ್ಲೂ ವಿಳಾಸ, ಸಾಲದ ಫೈಲಿನಲ್ಲೂ ವಿಳಾಸ. ಒಂದನ್ನು ತಿದ್ದಿ ಇನ್ನೊಂದನ್ನು ಬಿಟ್ಟರೆ ಎರಡು ಸತ್ಯಗಳು. ಇದಕ್ಕೆ ಪರಿಹಾರ ತೋರಿಸಿದವರು ಐಬಿಎಂ ಸಂಸ್ಥೆಯ ಸಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಗಣಿತಜ್ಞ ಎಡ್ಗರ್ ಕಾಡ್. 1970ರ ಜೂನ್‌ನಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ದತ್ತಾಂಶವನ್ನು ಕೋಷ್ಟಕಗಳಾಗಿ, ಗಣಿತದ ಸಂಬಂಧಗಳಾಗಿ ನೋಡುವ ಕ್ರಮವನ್ನು ಮುಂದಿಟ್ಟರು. ಮೊದಲ ನಾರ್ಮಲ್ ರೂಪ ಅಲ್ಲಿಯೇ ಬಂತು. ಎರಡನೆಯ ಮತ್ತು ಮೂರನೆಯ ರೂಪಗಳನ್ನು ಅವರು 1971ರಲ್ಲಿ ವಿವರಿಸಿದರು. 1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಕಾಡ್ ಹುಟ್ಟಿದ್ದು 1923ರಲ್ಲಿ. ಅದೇ ವರ್ಷ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ಸೇರಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು ಕಟ್ಟಿದರು. ಅಂದರೆ ಈ ಕಡೆ ಸಾವಿರಾರು ಬೆಳೆಗಾರರ ಲೆಕ್ಕವನ್ನು ಒಂದೇ ಸೂರಿನಡಿ ತಪ್ಪಿಲ್ಲದೆ ಇಡುವ ಅಗತ್ಯ ಹುಟ್ಟಿದ ಕಾಲಕ್ಕೇ ಆ ಕಡೆ ಅದರ ಸಿದ್ಧಾಂತ ಬರೆಯಬೇಕಾದವರು ಹುಟ್ಟಿದ್ದರು.

ಕಾಡ್ ಹೇಳಿದ್ದನ್ನು ಒಂದು ವಿಕ್ರಿ ಪಟ್ಟಿಯ ಮೇಲೆ ಕಲಿಯಬಹುದು. ಕಲಿಯುವವರು ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ತುಂಬುತ್ತಾರೆ: ಪಟ್ಟಿ ನಂಬರು, ತಾರೀಖು, ಸದಸ್ಯರ ನಂಬರು, ಹೆಸರು, ಊರು, ಫೋನು, ಅಡಿಕೆಯ ಬಗೆ, ತೂಕ, ದರ, ಖರೀದಿದಾರರು. ಬಗೆ ಎಂಬ ಅಂಕಣದಲ್ಲಿ ‘ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು’ ಎಂದು ಒಟ್ಟಿಗೇ ಬರೆದರೆ ಯಾವುದರ ತೂಕ ಎಷ್ಟು ಎಂದು ಕೇಳಿದಾಗ ಉತ್ತರವಿಲ್ಲ. ಒಂದು ಮನೆಯಲ್ಲಿ ಒಂದೇ ಸಂಗತಿ, ಒಂದೊಂದು ಬಗೆಗೆ ಒಂದೊಂದು ಸಾಲು. ಇದು ಮೊದಲ ರೂಪ.

ಮಾರಾಟಕ್ಕೆ ಬೇರೆಯಾಗಿ ಇಟ್ಟ ಒಂದೊಂದು ಬಗೆಯ ಅಡಿಕೆಯ ಗುಂಪೇ ಲಾಟು. ಈಗ ಸಾಲನ್ನು ಗುರುತಿಸುವುದು ಪಟ್ಟಿ ನಂಬರು ಮತ್ತು ಅದರೊಳಗಿನ ಲಾಟಿನ ನಂಬರು, ಎರಡೂ ಸೇರಿ. ತೂಕ ಈ ಎರಡನ್ನೂ ಅವಲಂಬಿಸಿದೆ. ತಾರೀಖು ಮತ್ತು ಸದಸ್ಯರ ನಂಬರು ಹಾಗಲ್ಲ, ಅವಕ್ಕೆ ಪಟ್ಟಿ ನಂಬರೊಂದೇ ಸಾಕು. ನಾಲ್ಕು ಲಾಟುಗಳಿದ್ದರೆ ತಾರೀಖನ್ನು ನಾಲ್ಕು ಸಲ ಬರೆಯುವುದು ಯಾಕೆ? ಪಟ್ಟಿಗೊಂದು ಕೋಷ್ಟಕ, ಲಾಟಿಗೊಂದು ಕೋಷ್ಟಕ. ಇದು ಎರಡನೆಯ ರೂಪ.

ಪಟ್ಟಿಯ ಕೋಷ್ಟಕದಲ್ಲಿ ಇನ್ನೂ ಸದಸ್ಯರ ಹೆಸರು, ಊರು, ಫೋನು ಉಳಿದಿವೆ. ಅವು ಪಟ್ಟಿಯ ಬಗ್ಗೆ ಹೇಳುವ ಮಾತುಗಳಲ್ಲ, ಸದಸ್ಯರ ಬಗ್ಗೆ ಹೇಳುವ ಮಾತುಗಳು. ಫೋನು ಬದಲಾದರೆ ಹಿಂದಿನ ಎಲ್ಲ ಪಟ್ಟಿಗಳಲ್ಲೂ ತಿದ್ದಬೇಕಾಗುತ್ತದೆ. ಹೊಸದಾಗಿ ಸದಸ್ಯರಾದವರು ಇನ್ನೂ ಅಡಿಕೆ ಮಾರದಿದ್ದರೆ ಅವರ ಹೆಸರು ಬರೆಯಲು ಜಾಗವೇ ಇಲ್ಲ. ಒಬ್ಬರ ಒಂದೇ ಒಂದು ಪಟ್ಟಿಯನ್ನು ರದ್ದು ಮಾಡಿದರೆ ಅವರ ವಿಳಾಸವೂ ಅದರ ಜೊತೆ ಅಳಿಸಿಹೋಗುತ್ತದೆ. ಸದಸ್ಯರಿಗೆ ಬೇರೆ ಕೋಷ್ಟಕ ಮಾಡಿ, ಪಟ್ಟಿಯಲ್ಲಿ ಸದಸ್ಯರ ನಂಬರನ್ನು ಮಾತ್ರ ಇಟ್ಟರೆ ಮೂರೂ ತೊಡಕು ಒಟ್ಟಿಗೆ ಹೋಗುತ್ತವೆ. ಇದು ಮೂರನೆಯ ರೂಪ. ಕಿರ್ದಿಯ ಅಂಚಿನಲ್ಲಿ ಖಾತೆಯ ಪುಟಸಂಖ್ಯೆ ಹಾಕುತ್ತಿದ್ದ ಗುಮಾಸ್ತ ಮಾಡುತ್ತಿದ್ದುದೂ ಇದನ್ನೇ.

ದರವನ್ನು ಎಲ್ಲಿಡಬೇಕು ಎಂಬಲ್ಲಿ ನಿಜವಾದ ಪರೀಕ್ಷೆಯಿದೆ. ಪಠ್ಯಪುಸ್ತಕದ ಅಂಗಡಿಯಲ್ಲಿ ಒಂದು ವಸ್ತುವಿಗೆ ಒಂದು ಬೆಲೆ. ಆದ್ದರಿಂದ ಬೆಲೆ ವಸ್ತುವಿನ ಕೋಷ್ಟಕಕ್ಕೆ ಹೋಗುತ್ತದೆ. ಅದೇ ಮಾದರಿಯನ್ನು ಶಿರಸಿಗೆ ತಂದು ರಾಶಿಗೊಂದು ದರ, ಚಾಲಿಗೊಂದು ದರ ಎಂದು ಬರೆದರೆ ಇಡೀ ಲೆಕ್ಕ ಕೆಡುತ್ತದೆ. ಇಲ್ಲಿ ಅಡಿಕೆ ಮಾರಾಟವಾಗುವುದು ಟೆಂಡರಿನಲ್ಲಿ. ವ್ಯಾಪಾರಿಗಳು ಒಂದೊಂದು ಲಾಟನ್ನೂ ಕಣ್ಣಿಟ್ಟು ನೋಡಿ ದರ ಬರೆಯುತ್ತಾರೆ. ಒಂದೇ ದಿನ, ಒಂದೇ ಬಗೆ, ಎರಡು ಮನೆಯ ಅಡಿಕೆಗೆ ಎರಡು ದರ. ಹಾಗಾಗಿ ದರವೆಂಬುದು ಬಗೆಯ ಗುಣವಲ್ಲ, ಲಾಟಿನ ಗುಣ. ಅದನ್ನು ಇಡಬೇಕಾದದ್ದು ಲಾಟಿನ ಸಾಲಿನಲ್ಲೇ. ಇದನ್ನು ಕಂಪ್ಯೂಟರ್ ಹೇಳಿಕೊಡುವುದಿಲ್ಲ. ಟೆಂಡರಿನ ದಿನ ಅಂಗಳದಲ್ಲಿ ನಿಂತು ನೋಡಿದವರಿಗೆ, ಬೆಳೆಗಾರರನ್ನು ಕೇಳಿ ತಿಳಿದವರಿಗೆ ಗೊತ್ತಾಗುತ್ತದೆ. ನಾರ್ಮಲೈಸೇಷನ್ ಎಂಬುದು ಮೊದಲು ಕಸುಬಿನ ಜ್ಞಾನ, ಆಮೇಲೆ ಕೋಷ್ಟಕದ ಜ್ಞಾನ.

ತೋಟದ ಲೆಕ್ಕದಲ್ಲೂ ಹೀಗೆಯೇ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದ ಸವಲತ್ತಿದೆ. ಸೊಪ್ಪು, ದರಕು ತರುವ ಆ ಬೆಟ್ಟ ತೋಟಕ್ಕೆ ಸೇರಿದ್ದು. ಮಾಲೀಕರ ಹೆಸರಿನ ಮುಂದೆ ಬೆಟ್ಟವನ್ನು ಬರೆದಿಟ್ಟರೆ ಮನೆ ಪಾಲಾದಾಗ, ತೋಟ ಕೈ ಬದಲಾಯಿಸಿದಾಗ ಗೊಂದಲ. ತೋಟದ ಸರ್ವೆ ನಂಬರಿನ ಮುಂದೆ ಬರೆದಿಟ್ಟರೆ ಮಾಲೀಕರು ಯಾರೇ ಆಗಲಿ ಬೆಟ್ಟ ತೋಟದ ಜೊತೆಗೇ ಇರುತ್ತದೆ. ಯಾವುದು ಯಾವುದನ್ನು ಅವಲಂಬಿಸಿದೆ ಎಂಬುದೇ ಈ ಶಾಸ್ತ್ರದ ಮೂಲ ಪ್ರಶ್ನೆ. ಇದಕ್ಕೆ ಉತ್ತರ ಹೇಳಬಲ್ಲ ಹಿರಿಯರು ಪ್ರತಿ ಕೇರಿಯಲ್ಲಿದ್ದಾರೆ.

ಗುರುತಿನ ಪ್ರಶ್ನೆಯೂ ಅವರಿಗೆ ಹೊಸದಲ್ಲ. ಗಣಪತಿ ಹೆಗಡೆ ಎಂಬ ಹೆಸರು ಒಂದೇ ಊರಿನಲ್ಲಿ ಹಲವರಿಗಿರುತ್ತದೆ. ಅದಕ್ಕೇ ‘ಯಾವ ಗಣಪಣ್ಣ? ಮೇಲಿನಮನೆಯವನೋ, ಕೆಳಗಿನಮನೆಯವನೋ?’ ಎಂದು ಕೇಳುತ್ತಾರೆ. ಹೆಸರು ಕರೆಯಲು, ಮನೆ ಗುರುತಿಸಲು. ಡೇಟಾಬೇಸಿನವರು ‘ಕೀ’ ಎನ್ನುವುದು ಈ ಎರಡನೆಯ ಕೆಲಸದ ಅಂಕಣವನ್ನು. ದೊಡ್ಮನೆ ಎಂಬ ಹೆಸರಿನಲ್ಲೇ ಅಂಥ ಗುರುತಿನ ಜಾಡು ಉಳಿದಿದೆ.

ಸರ್ಕಾರದ ದಾಖಲೆಗಳು ಈ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿಯಬೇಕಾಯಿತು. ಹೊಸ ಶತಮಾನದ ಹೊಸ್ತಿಲಲ್ಲಿ ಬಂದ ‘ಭೂಮಿ’ ಯೋಜನೆ ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದಿಡುತ್ತಿದ್ದ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು. ಆಮೇಲೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಉಳಿಯಲಿಲ್ಲ. ನೋಂದಣಿಗೆ ‘ಕಾವೇರಿ’, ಅಳತೆಗೆ ‘ಮೋಜಿಣಿ’ ಎಂಬ ತಂತ್ರಾಂಶಗಳು ಬಂದವು, ಅವು ಭೂಮಿಯ ಜೊತೆ ಜೋಡಣೆಯಾದವು. ಒಂದೇ ಜಮೀನಿನ ಬಗ್ಗೆ ಮೂರು ಇಲಾಖೆಗಳು ಮೂರು ಮಾತು ಹೇಳಬಾರದು ಎಂಬುದೇ ಆ ಜೋಡಣೆಯ ಉದ್ದೇಶ.

ಜಮೀನಿಗೆ ಸರ್ವೆ ನಂಬರು ಮತ್ತು ಹಿಸ್ಸೆ ಇದ್ದವು. ಮನುಷ್ಯರಿಗೆ ಅಂಥ ಒಂದು ಗುರುತಿರಲಿಲ್ಲ. ನಾಲ್ಕು ಸರ್ವೆ ನಂಬರುಗಳಲ್ಲಿ ತೋಟವಿದ್ದವರ ಹೆಸರು ನಾಲ್ಕು ಪಹಣಿಗಳಲ್ಲಿ ನಾಲ್ಕು ಬಗೆಯಾಗಿ ಇರಬಹುದಿತ್ತು. ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಒಂದರಲ್ಲಿ ಮೊದಲಕ್ಷರ, ಒಂದರಲ್ಲಿ ಹೆಗಡೆ, ಒಂದರಲ್ಲಿ ಹೆಗ್ಡೆ. ಓದುವ ಮನುಷ್ಯನಿಗೆ ಒಬ್ಬರೇ ಎಂದು ತಿಳಿಯುತ್ತದೆ. ಕಂಪ್ಯೂಟರಿಗೆ ನಾಲ್ವರು. ಬೆಳೆವಿಮೆಗೆ, ಪರಿಹಾರಕ್ಕೆ, ಸಾಲಕ್ಕೆ ಪ್ರತಿ ಸಲ ಅದೇ ದಾಖಲೆಗಳನ್ನು ಹೊಸದಾಗಿ ಕೊಡಬೇಕಾಗುತ್ತಿತ್ತು. ರಾಜ್ಯ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶ ರೈತರಿಗೊಂದು ಗುರುತಿನ ಸಂಖ್ಯೆ ಕೊಟ್ಟು, ಅವರ ಎಲ್ಲ ಸರ್ವೆ ನಂಬರುಗಳನ್ನು ಅದಕ್ಕೆ ಜೋಡಿಸುವ ದಾರಿ ಹಿಡಿಯಿತು. ಇವತ್ತು ಹಳ್ಳಿಯ ಸೊಸೈಟಿಯಲ್ಲಿ ‘ಎಫ್‌ಐಡಿ ಆಗಿದೆಯಾ?’ ಎಂದು ಕೇಳುವುದು ಆ ಸಂಖ್ಯೆಯನ್ನೇ. ರೈತರಿಗೊಂದು ಕೋಷ್ಟಕ, ಜಮೀನಿಗೊಂದು ಕೋಷ್ಟಕ, ಎರಡನ್ನೂ ಕೂಡಿಸಲು ಒಂದು ಸಂಖ್ಯೆ. ಕಾಡ್ ಅವರ ಲೇಖನದ ಸಾರ ನಮ್ಮ ಊರಿನ ದಿನದ ಮಾತಿಗೆ ಬಂದಿದೆ.

ಕಡತವೂ ಇದರ ನಡುವೆ ಬದಲಾಗಿದೆ. ಸರ್ಕಾರಿ ಕಚೇರಿಗಳಲ್ಲಿ ಇ-ಕಡತ ಬಂದಿದೆ, ಕಂಪ್ಯೂಟರಿನ ಫೈಲನ್ನೂ ಕನ್ನಡದಲ್ಲಿ ಕಡತವೆಂದೇ ಕರೆಯುತ್ತೇವೆ. ಈಗ ಅದಕ್ಕೆ ಬಟ್ಟೆಯೂ ಬೇಡ, ರಟ್ಟೂ ಬೇಡ. ಇಷ್ಟು ಸಲ ಮೈ ಬದಲಾಯಿಸಿಯೂ ಪದ ಉಳಿದದ್ದು ಅದರ ಕೆಲಸ ಬದಲಾಗದ ಕಾರಣದಿಂದ. ಬದಲಾಗುವ ಲೋಕದ ಬಗ್ಗೆ ನಂಬಬಹುದಾದ ಮಾತನ್ನು ಇಡುವ ಜಾಗ ಕಡತ. ಕರಿಬಟ್ಟೆಯ ಕಾಲದಲ್ಲಿ ಆ ನಂಬಿಕೆ ಲೆಕ್ಕ ಬರೆಯುವವನ ಪ್ರಾಮಾಣಿಕತೆಯ ಮೇಲೆ ನಿಂತಿತ್ತು. ಕೋಷ್ಟಕದ ಕಾಲದಲ್ಲಿ ಅದರ ಜೊತೆಗೆ ರಚನೆಯ ಮೇಲೂ ನಿಂತಿದೆ. ಒಂದೇ ಸಂಗತಿ ಎರಡು ಕಡೆ ಇದ್ದರೆ ಎಂಥ ಪ್ರಾಮಾಣಿಕನ ಲೆಕ್ಕವೂ ಒಂದು ದಿನ ಸುಳ್ಳು ಹೇಳುತ್ತದೆ.

ಆದ್ದರಿಂದ ಈ ಅಧ್ಯಾಯವನ್ನು ನಮ್ಮ ಮಕ್ಕಳಿಗೆ ಕನ್ನಡದಲ್ಲಿ, ನಮ್ಮ ಉದಾಹರಣೆಗಳಲ್ಲಿ ಕಲಿಸಬೇಕು. ಕಾಣದ ಊರಿನ ಬಿಡಿಭಾಗಗಳ ಉಗ್ರಾಣವನ್ನೋ ವಿಮಾನದ ಟಿಕೆಟನ್ನೋ ಇಟ್ಟುಕೊಂಡು ಕಲಿಸಿದಾಗ ಮಕ್ಕಳು ನಿಯಮವನ್ನು ಬಾಯಿಪಾಠ ಮಾಡುತ್ತಾರೆ. ಮನೆಯ ವಿಕ್ರಿ ಪಟ್ಟಿ, ಪಹಣಿ, ಸೊಸೈಟಿಯ ಖಾತೆ ಪುಸ್ತಕವನ್ನು ಮುಂದಿಟ್ಟರೆ ನಿಯಮವನ್ನು ತಾವೇ ಕಂಡುಕೊಳ್ಳುತ್ತಾರೆ, ಏಕೆಂದರೆ ದರ ಯಾವುದರ ಗುಣ, ಬೆಟ್ಟ ಯಾವುದಕ್ಕೆ ಸೇರಿದ್ದು ಎಂದು ಅವರಿಗೆ ಮೊದಲೇ ಗೊತ್ತು. ಕೋಷ್ಟಕ ಬರೆಯುವ ಮುನ್ನ ಪ್ರತಿ ಅಂಕಣದ ಮೇಲೆ ಬೆರಳಿಟ್ಟು ‘ಈ ಮಾತು ಯಾರ ಬಗ್ಗೆ?’ ಎಂದು ಕೇಳುವ ಅಭ್ಯಾಸವೊಂದು ಕೈಗೂಡಿದರೆ ಮೂರೂ ರೂಪಗಳು ತಾವಾಗಿ ಬರುತ್ತವೆ. ಆ ಪ್ರಶ್ನೆಯನ್ನು ಕೇಳಲು ಕಲಿತವರ ಕೈಯಲ್ಲಿ ಊರಿನ ಲೆಕ್ಕವೂ ರಾಜ್ಯದ ಕಡತವೂ ಸರಿಯಾಗಿರುತ್ತವೆ.